ಗಂಟಲಿನ ಗಂಟು, ಸೊಪ್ಪಿನ ಕೂಗು

ನನ್ನ ಅವ್ವನಿಗೆ ಓದು ಬರುವುದಿಲ್ಲ, ಸೈಕಲ್ ಬರುವುದಿಲ್ಲ, ಮೆಲ್ಲಗೆ ಮಾತಾಡುವುದಂತೂ ಹುಟ್ಟಿದಾಗಿನಿಂದ ಬಂದಿಲ್ಲ. ಬರುವುದು ಒಂದೇ, ಕೂಗು. ರಾಜಾನುಕುಂಟೆಯಿಂದ ಬೆಳಗಿನ ಬಸ್ಸಿಗೆ ಸೊಪ್ಪಿನ ಬುಟ್ಟಿ ಏರಿಸಿಕೊಂಡು ಯಲಹಂಕ ಉಪನಗರಕ್ಕೆ ಹೋಗಿ, ಅಲ್ಲಿನ ಬೀದಿಗಳಲ್ಲಿ ಬುಟ್ಟಿ ಹೊತ್ತು ಕೂಗುತ್ತ ಅವಳು ನನ್ನನ್ನು ಸಾಕಿದಳು, ಓದಿಸಿದಳು. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಮನೆಯಲ್ಲಿ ನಾವಿಬ್ಬರೇ.

ಆ ಕೂಗಿಗೆ ಒಂದು ಕ್ರಮವಿತ್ತು. "ಸೊಪ್ಪೂ... ದಂಟೂ, ಕೀರೇ, ಪಾಲಾಕೂ, ಸಬ್ಸಿಗೇ... ಮೆಂತ್ಯಾ..." ಮೊದಲ ನಾಲ್ಕನ್ನು ಅವಳು ನೆಲದ ಮೇಲೆ ನಡೆಸಿಕೊಂಡು ಬರುತ್ತಿದ್ದಳು. ಮೆಂತ್ಯ ಬಂತೆಂದರೆ ಧ್ವನಿ ಎರಡನೇ ಮಹಡಿಗೆ ಹತ್ತಿ, ಅಲ್ಲಿ ಒಂದು ಕ್ಷಣ ಕೂತು, ಆಮೇಲೆ ಇಳಿಯುತ್ತಿತ್ತು. ಬುಟ್ಟಿಯಲ್ಲಿ ಪಾಲಕ್ ಇಲ್ಲದ ದಿನವೂ ಕೂಗಿನಲ್ಲಿ ಪಾಲಕ್ ಇರುತ್ತಿತ್ತು. ಯಾರಾದರೂ ಕೆಳಗಿಳಿದು ಬಂದು ಪಾಲಕ್ ಕೇಳಿದರೆ, "ಪಾಲಕ್ ನಾಳೀಕೆ, ಇವತ್ತು ದಂಟು ತಗಳವ್ವ" ಎನ್ನುತ್ತಿದ್ದಳು. ಕೆಳಗಿಳಿದು ಬಂದವರು ಬರಿಗೈಯಲ್ಲಿ ಮೇಲೆ ಹತ್ತಿದ್ದನ್ನು ನಾನು ನೋಡಿಲ್ಲ.

ನನಗೆ ಮಾತ್ರ ಆ ಕೂಗೆಂದರೆ ಮೈಯೆಲ್ಲ ಉರಿ. ನನ್ನ ಹೈಸ್ಕೂಲು ಅದೇ ಉಪನಗರದಲ್ಲಿತ್ತು. ಸರಿಯಾಗಿ ಗಣಿತದ ಪೀರಿಯಡ್ಡಿಗೆ ಅವ್ವ ಶಾಲೆಯ ಹಿಂದಿನ ರಸ್ತೆಗೆ ಬರುತ್ತಿದ್ದಳು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದ ಕೂಡಲೇ ಇಡೀ ಹಿಂದಿನ ಬೆಂಚು ಒಟ್ಟಾಗಿ "ಮೆಂತ್ಯಾ..." ಎಂದು ರಾಗ ಎಳೆಯುತ್ತಿತ್ತು. ನಾನು ತಲೆ ತಗ್ಗಿಸಿ, ಮುಂದೆ ಯಾರೂ ಕೂಗದ ಕಡೆ ಕೆಲಸಕ್ಕೆ ಸೇರುತ್ತೇನೆ, ಜೋರಾಗಿ ಉಸಿರೂ ಬಿಡುವುದಿಲ್ಲ ಎಂದು ಶಪಥ ಮಾಡಿದೆ. ಡಿಪ್ಲೊಮಾ ಮುಗಿಸಿ ಹೆಬ್ಬಾಳದ ಹತ್ತಿರ ಒಂದು ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗಕ್ಕೆ ಸೇರಿದೆ. ಮೊದಲ ದಿನ ನನಗೆ ಕೊಟ್ಟ ಕೆಲಸ, ಬಾಗಿಲಲ್ಲಿ ನಿಂತು "ಟೋಕನ್ ನಂಬರ್ ಹದಿನಾಲ್ಕು" ಎಂದು ಕೂಗುವುದು. ಹಣೆಬರಹಕ್ಕೆ ಹೊಣೆ ಯಾರು.

ನಾನು ಹೇಳಹೊರಟದ್ದು ಎರಡು ಸಾವಿರದ ಹದಿನೇಳರ ಸುಮಾರಿನ ಮಾತು. ಅಷ್ಟು ಹೊತ್ತಿಗೆ ನನಗೆ ಬಡ್ತಿಯಾಗಿ ಬಾಗಿಲಿನಿಂದ ಯಂತ್ರದ ಪಕ್ಕಕ್ಕೆ ಬಂದಿದ್ದೆ. ಸ್ಕ್ಯಾನ್ ಮಾಡುವುದು ಡಾಕ್ಟರು. ಗುಂಡಿ ಒತ್ತುವುದು, ಚಿತ್ರ ಉಳಿಸುವುದು, ಅಳತೆ ಬರೆಯುವುದು, ರೋಗಿಯ ಮೈಮೇಲಿನ ಅಂಟು ಒರೆಸುವುದು ನಾನು. ಹೀಗಿರುವಾಗ ಅವ್ವನ ಕೊರಳಲ್ಲಿ ಗಂಟು ಕಾಣಿಸಿಕೊಂಡಿತು.

ಕಾಣಿಸಿಕೊಂಡಿತು ಎನ್ನುವುದು ನನ್ನ ಮಟ್ಟಿಗೆ. ಅವಳಿಗೆ ಅದು ಗೊತ್ತಾಗಿ ವರ್ಷವೇ ಆಗಿತ್ತಂತೆ. ಸೆರಗು ಮೇಲಕ್ಕೆಳೆದು ಮುಚ್ಚಿಟ್ಟಿದ್ದಳು. ಒಂದು ದಿನ ಊಟಕ್ಕೆ ಕೂತಾಗ ಮುದ್ದೆಯ ತುತ್ತು ನುಂಗಿ ಕಣ್ಣು ಕೆಂಪಗೆ ಮಾಡಿಕೊಂಡಳು. ಮುದ್ದೆ ಉಣ್ಣುವವರು ಅಗಿಯುವುದಿಲ್ಲ, ಹಾಗೇ ಇಳಿಸುತ್ತಾರೆ. ದಾರಿಯಲ್ಲಿ ಅಡ್ಡ ಏನಿದ್ದರೂ ಮೊದಲು ಗೊತ್ತಾಗುವುದು ಮುದ್ದೆಗೆ.

"ಏನವ್ವ ಅದು?" ಎಂದು ಸೆರಗು ಸರಿಸಿ ನೋಡಿದೆ. ಎಡಗಡೆ ನಿಂಬೆಹಣ್ಣಿನಷ್ಟು ಗಂಟು.

"ದಿನಾ ಒತ್ತಿ ನೋಡ್ತಿವ್ನಿ ಕಣೇ. ಇನ್ನೂ ಕಾಯಿ," ಎಂದಳು.

ಅವ್ವ ಜಗತ್ತನ್ನು ನೋಡುವುದೇ ಹೆಬ್ಬೆರಳಿನಿಂದ. ಹಲಸು, ಸೀಬೆ, ಟೊಮೆಟೊ, ಅಂಗಡಿಯ ಬನ್ನು, ಹಾಕಿದ ಗಾರೆ, ಎಲ್ಲವನ್ನೂ ಒಂದು ಸಲ ಒತ್ತಿ ತೀರ್ಪು ಕೊಡುತ್ತಾಳೆ. ಹೊರಗಿನಿಂದ ಕೆಂಪಗಿದ್ದು ಒಳಗೆ ಕಲ್ಲಾಗಿರುವ ಟೊಮೆಟೊ ಅವಳ ಬೆರಳಿನಿಂದ ತಪ್ಪಿಸಿಕೊಂಡದ್ದಿಲ್ಲ. ಆದರೆ ಸ್ವಂತ ಕೊರಳಿಗೂ ಅದೇ ಪರೀಕ್ಷೆ ಇಟ್ಟುಕೊಂಡು ಹಣ್ಣಾಗಲಿ ಎಂದು ಕಾದು ಕೂತವಳನ್ನು ನಾನು ಬೇರೆ ಕಂಡಿಲ್ಲ. ಮಾರನೆಯ ದಿನವೇ ಎಳೆದುಕೊಂಡು ಆಸ್ಪತ್ರೆಗೆ ಹೋದೆ.

ಸೂಜಿ ಹಾಕಿ ಎರಡು ಸಲ ಪರೀಕ್ಷೆ ಮಾಡಿದರು. ಥೈರಾಯ್ಡಿನ ಗಂಟು, ಕ್ಯಾನ್ಸರ್ ಅಲ್ಲ. ಆದರೆ ಬೆಳೆಯುತ್ತಿದೆ, ಇನ್ನಷ್ಟು ಬೆಳೆದರೆ ಅನ್ನನಾಳ ಒತ್ತುತ್ತದೆ, ತೆಗೆದುಬಿಡಿ ಎಂದರು ಶಸ್ತ್ರಚಿಕಿತ್ಸೆಯ ಡಾಕ್ಟರು. ಸಹಿ ಹಾಕಬೇಕಾದ ಕಾಗದವನ್ನು ನಾನು ಪ್ರಾಮಾಣಿಕಳಾಗಿ ಸಾಲು ಸಾಲೂ ಓದಿ ಹೇಳಿದೆ. "ಧ್ವನಿಯಲ್ಲಿ ವ್ಯತ್ಯಾಸ ಆಗಬಹುದು" ಎನ್ನುವ ಸಾಲು ಬಂದಾಗ ಅವ್ವ ಎದ್ದಳು, ಚಪ್ಪಲಿ ಮೆಟ್ಟಿದಳು, ಬಸ್ ಸ್ಟಾಪಿಗೆ ನಡೆದಳು.

"ಗಂಟಲು ಕುಯ್ಸ್ಕೊಂಡು ಮೂಗಿಯಾಗಿ ಬದುಕ್ಲಾ? ಧ್ವನಿ ಇಲ್ದಿದ್ರೆ ಸೊಪ್ಪು ಯಾರ್ ತಗತಾರೆ? ಗಂಟು ಇದ್ರೆ ಇರ್ಲಿ, ನಂದೇ ಅಲ್ವ."

ನಮ್ಮ ವಿಭಾಗದ ಡಾಕ್ಟರು ದಾರಿ ತೋರಿಸಿದ್ದು ಆಗ; ಅವ್ವನನ್ನು ಮತ್ತೆ ಎಳೆತಂದು ಅವರೆದುರು ಕೂರಿಸಿದೆ. ಅವರು ತೀರ ಮೆಲುದನಿಯ ಮನುಷ್ಯ, ಎದುರಿಗೇ ಕೂತು ಮಾತಾಡಿದರೂ ಪಕ್ಕದ ಮನೆಯಿಂದ ಕೇಳಿದ ಹಾಗಿರುತ್ತದೆ. ಕುಯ್ಯುವುದೇ ಬೇಡ, ಸ್ಕ್ಯಾನಿನಲ್ಲಿ ನೋಡಿಕೊಂಡು ಗಂಟಿನೊಳಗೆ ಒಂದು ಸೂಜಿ ಇಳಿಸಿ, ಸೂಜಿಯ ತುದಿಯನ್ನು ಬಿಸಿ ಮಾಡಿ ಗಂಟನ್ನು ಒಳಗೊಳಗೇ ಬೇಯಿಸಬಹುದು, ಬೆಂದದ್ದು ತಿಂಗಳುಗಳಲ್ಲಿ ತಾನಾಗಿ ಕರಗುತ್ತದೆ ಎಂದರು. ಅವ್ವ ಹೊರಗೆ ಬಂದ ಮೇಲೆ ನನ್ನನ್ನು ಕೇಳಿದಳು, "ಆವಯ್ಯಂಗೇ ಗಂಟಲು ಸರಿ ಇಲ್ಲ ಕಣೇ, ನಂದೇನ್ ನೋಡಾನು?"

ಬೇಯಿಸುವುದೇನೋ ಸರಿ, ಎಲ್ಲಿಯವರೆಗೆ ಬೆಂದಿದೆ ಎಂದು ತಿಳಿಯುವುದು ಹೇಗೆ? ಮಾಮೂಲಿ ಸ್ಕ್ಯಾನಿನಲ್ಲಿ ಬಿಸಿಗೆ ಎದ್ದ ಗುಳ್ಳೆಗಳು ಬೆಳ್ಳಗೆ ಮುಸುಕಿ, ಬೆಂದದ್ದೂ ಬೇಯದ್ದೂ ಒಂದೇ ಆಗಿಬಿಡುತ್ತವೆ. ಅದಕ್ಕೆ ನಮ್ಮಲ್ಲಿ ಹೊಸದಾಗಿ ಬಂದಿದ್ದದ್ದು ಒತ್ತಿ ನೋಡುವ ಸ್ಕ್ಯಾನು. ಮಾಂಸ ಬಿಸಿಗೆ ಗಟ್ಟಿಯಾಗುತ್ತದೆ, ಮೊಟ್ಟೆಯ ಬಿಳಿ ಗಟ್ಟಿಯಾಗುವ ಹಾಗೆ. ಸ್ಕ್ಯಾನಿನ ಹಿಡಿಯನ್ನು ಕೊರಳ ಮೇಲಿಟ್ಟು ಇಷ್ಟೇ ಇಷ್ಟು ಒತ್ತಿ ಬಿಟ್ಟರೆ, ಮೆತ್ತಗಿರುವ ಜಾಗ ಕುಗ್ಗುತ್ತದೆ, ಗಟ್ಟಿಯಾದದ್ದು ಕುಗ್ಗುವುದಿಲ್ಲ. ಆ ವ್ಯತ್ಯಾಸವನ್ನು ಯಂತ್ರ ಲೆಕ್ಕ ಹಾಕಿ ಬಣ್ಣದಲ್ಲಿ ತೋರಿಸುತ್ತದೆ. ಮೆತ್ತಗಿದ್ದದ್ದು ಕೆಂಪು, ನಡುಮಧ್ಯದ್ದು ಹಸಿರು, ಗಟ್ಟಿ ನೀಲಿ. ಬೇಯಿಸುತ್ತ ಹೋದ ಹಾಗೆ ನೀಲಿ ಹರಡುತ್ತದೆ. ಅದು ಗಂಟಿನ ಅಂಚಿಗೆ ಬಂದಾಗ ಕೈ ತಡೆಯಬೇಕು.

ಇದನ್ನು ನಾನು ಅವ್ವನಿಗೆ ಹಲಸಿನಹಣ್ಣಿನ ಮೂಲಕ ವಿವರಿಸಿದೆ. ಅವಳು ಪೂರ್ತಿ ಕೇಳಿ, "ಇಷ್ಟಕ್ಕೆ ಅಷ್ಟು ದೊಡ್ಡ ಮಿಸೀನ್ ತಂದವ್ರಾ? ನನ್ ಕೇಳಿದ್ರೆ ಒತ್ತಿ ಏಳ್ತಿರ್ಲಿಲ್ವ?" ಎಂದಳು.

ಒಂದು ತೊಡಕಿತ್ತು. ಗಂಟಿನ ಹಿಂಭಾಗದಲ್ಲೇ, ಶ್ವಾಸನಾಳದ ಪಕ್ಕ, ಧ್ವನಿಯ ನರ ಹಾದುಹೋಗುತ್ತದೆ. ದಾರದಷ್ಟು ಸಣ್ಣದು. ಅಷ್ಟು ಆಳದಲ್ಲಿ ಒತ್ತಿ ನೋಡುವ ಚಿತ್ರವೂ ಮಂಕಾಗುತ್ತದೆ. ಬಿಸಿ ಅಲ್ಲಿಗೆ ತಾಗಿತೋ ಇಲ್ಲವೋ ತಿಳಿಯಲು ರೋಗಿಯನ್ನು ಎಚ್ಚರವಾಗಿಯೇ ಇಟ್ಟು, ಬಿಸಿ ಮಾಡುವಾಗೆಲ್ಲ ಮಾತಾಡಿಸುತ್ತಾರೆ. ಧ್ವನಿ ಬದಲಾದರೆ ತಕ್ಷಣ ನಿಲ್ಲಿಸುತ್ತಾರೆ. ಆದರೆ ಒತ್ತಿ ನೋಡುವಾಗ ತುಟಿ ಅಲ್ಲಾಡಕೂಡದು, ಎಂಜಲೂ ನುಂಗಕೂಡದು. ನುಂಗಿದರೆ ಬಣ್ಣವೆಲ್ಲ ಕಲಸಿ ಹೋಳಿಹಬ್ಬ. ಅಂದರೆ ಬಿಸಿಗೆ ಮಾತು, ಚಿತ್ರಕ್ಕೆ ಮೌನ. ಅವ್ವನನ್ನು ಮಾತಾಡಿಸುವುದು ಒಂದು ಕೆಲಸವೇ? ಸುಮ್ಮನಿರಿಸುವುದು ಹೇಗೆ ಎನ್ನುವುದೊಂದೇ ನನ್ನ ಚಿಂತೆಯಾಗಿತ್ತು. ಕೊನೆಗೆ ಅವಳು ಒಪ್ಪಿದಳು. ಬಿಸಿ ಮಾಡುವ ಯಂತ್ರವನ್ನು ಒಂದೇ ಒಂದು ದಿನದ ಮಟ್ಟಿಗೆ ಬೇರೆ ಕಡೆಯಿಂದ ತರಿಸಿದರು.

ಆ ದಿನ ಬೆಳಗ್ಗೆ ಅವ್ವ ಬಾಯಿ ಬಿಡಲಿಲ್ಲ.

ಕಾಫಿ ಕೊಟ್ಟೆ, ಮಾತಿಲ್ಲ. ಸೀರೆ ಯಾವುದು ಎಂದೆ, ಬೆರಳು ತೋರಿಸಿದಳು. ಹೆದರಿದ್ದಾಳೆ ಎಂದುಕೊಂಡು ಬಸ್ಸಿನಲ್ಲಿ ಧೈರ್ಯ ಹೇಳಿದೆ. ಕಿಟಕಿ ಕಡೆ ನೋಡಿದಳು. ಯಲಹಂಕ ದಾಟುವಷ್ಟರಲ್ಲಿ ನನ್ನ ಧೈರ್ಯ ಹೇಳುವಿಕೆ ಜಗಳವಾಗಿತ್ತು. ಜಕ್ಕೂರಿನ ಹತ್ತಿರ ಬರುವಾಗ, "ನಿಂಗೋಸ್ಕರ ರಜಾ ಹಾಕಿ ಒದ್ದಾಡ್ತಿದೀನಿ, ಒಂದ್ ಮಾತಾಡಿದ್ರೆ ಗಂಟೇನ್ ಉದುರಿಹೋಗುತ್ತಾ?" ಎಂದು ನಾನು ಕಿರುಚಿದ್ದಕ್ಕೆ ಕಂಡಕ್ಟರ್ ಸಹ ತಿರುಗಿ ನೋಡಿದ. ಅವ್ವ ಕೈಮುಗಿದಳು. ನನಗಲ್ಲ, ಮೇಲಕ್ಕೆ.

ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿ ಡಾಕ್ಟರು, "ಅಮ್ಮಾ, ಬಿಸಿ ಶುರು ಮಾಡಿದಾಗ ನಾನು ಕೇಳ್ತಾ ಇರ್ತೀನಿ, ನೀವು ಮಾತಾಡ್ತಾ ಇರಿ. ಈಗ ನಿಮ್ಮ ಹೆಸರು ಹೇಳಿ ನೋಡೋಣ," ಎಂದರು.

ಅವ್ವ ತಲೆ ಅಲ್ಲಾಡಿಸಿದಳು. ಸೆರಗಿನ ತುದಿ ಎತ್ತಿ ತೋರಿಸಿದಳು. ಅಲ್ಲಿ ಅರಿಶಿನದ ಬಟ್ಟೆಯ ಸಣ್ಣ ಗಂಟು. ಕೊರಳು ಮುಟ್ಟಿದಳು, ತುಟಿ ಮುಟ್ಟಿದಳು, ಮತ್ತೆ ಮೇಲಕ್ಕೆ ಕೈಮುಗಿದಳು. ನನಗೆ ಒಮ್ಮೆಗೇ ಹೊಳೆಯಿತು. ಮುಡುಪು ಕಟ್ಟಿಕೊಂಡಿದ್ದಾಳೆ. ಧ್ವನಿ ಉಳಿಯಲಿ ಎಂದು ಊರ ಮಾರಮ್ಮನಿಗೆ ಧ್ವನಿಯನ್ನೇ ಹರಕೆ ಹೊತ್ತಿದ್ದಾಳೆ. ನಮ್ಮೂರ ಪದ್ಧತಿಯಂತೆ, ಎದ್ದಾಗಿನಿಂದ ಸಂಜೆ ಗುಡಿಯಲ್ಲಿ ದೀಪ ಹಚ್ಚುವವರೆಗೆ ಒಂದು ಮಾತೂ ಆಡುವುದಿಲ್ಲ ಎಂದು. ಹರಕೆಯನ್ನು ಮೊದಲೇ ಬಾಯಿಬಿಟ್ಟು ಹೇಳಿದರೆ ಫಲವಿಲ್ಲವಾದ್ದರಿಂದ ನನಗೂ ಹೇಳಿಲ್ಲ.

"ಸಾರ್, ಹರಕೆ. ಮಾತಾಡಲ್ಲ," ಎಂದೆ.

"ಪೂರ್ತಿನಾ?"

"ಪೂರ್ತಿ."

ಡಾಕ್ಟರು ಕೈಗವಸು ಹಾಕಿದ ಕೈಯನ್ನು ಗಾಳಿಯಲ್ಲೇ ಹಿಡಿದು ನಿಂತರು. ಧ್ವನಿ ಕೇಳದೆ ಬಿಸಿ ಮಾಡುವುದು ಆಗದ ಮಾತು. ಯಂತ್ರವೋ ಸಂಜೆ ವಾಪಸ್ಸು ಹೋಗಬೇಕು. ನಾನು ಅವ್ವನ ಜೊತೆ ಚೌಕಾಶಿಗೆ ಕೂತೆ. ಬರೀ "ಆ" ಅಂತೀಯಾ? ಇಲ್ಲ. ದೇವರ ನಾಮ? ಇಲ್ಲ. ತಪ್ಪುಕಾಣಿಕೆ ಹಾಕೋಣ? ಕಣ್ಣಲ್ಲೇ ನನ್ನನ್ನು ಸುಟ್ಟಳು. ಕೆಮ್ಮಿದರೆ ಆಗುತ್ತದೆಯೇ ಎಂದು ಡಾಕ್ಟರನ್ನು ಕೇಳಿದೆ, ಸಾಲದು ಎಂದರು. ನನ್ನ ಸಿಟ್ಟು ನೆತ್ತಿಗೇರಿತು.

"ಬೀದೀಲಿ ಮಾತ್ರ ಊರಿಗೆಲ್ಲ ಕೇಳೋ ಹಾಗೆ ಕೂಗ್ತೀಯ! ಇಸ್ಕೂಲಲ್ಲಿ ನನ್ ಮಾನ ತೆಗ್ದೆ. ಇವತ್ತು ಬೇಕು ಅಂದ್ರೆ ಬಾಯಿಗೆ ಬೀಗ!"

ಅವ್ವ ನನ್ನನ್ನೇ ದಿಟ್ಟಿಸಿದಳು. ಆಮೇಲೆ ಸೂರು ನೋಡುತ್ತ ಏನೋ ಗುಣಾಕಾರ ಭಾಗಾಕಾರ ಮಾಡಿದಳು. ರಾಜಾನುಕುಂಟೆಯ ದಿಕ್ಕು ಯಾವುದೆಂದು ಕೈಸನ್ನೆಯಲ್ಲಿ ಕೇಳಿದಳು. ತೋರಿಸಿದೆ. ಆ ಕಡೆಗೊಂದು ಕೈಮುಗಿದು, ಬಾಯಿ ತೆರೆದಳು.

"ಸೊಪ್ಪೂ...! ದಂಟೂ, ಕೀರೇ, ಪಾಲಾಕೂ, ಸಬ್ಸಿಗೇ... ಮೆಂತ್ಯಾ...!"

ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. ಏನೋ ಅನಾಹುತವಾಯಿತೆಂದು ನರ್ಸೊಬ್ಬರು ಓಡಿಬಂದು ಬಾಗಿಲು ತೆಗೆದರು. ಅವ್ವ ಮಾತ್ರ ಶಾಂತವಾಗಿ ಮಲಗಿದ್ದಳು. ಇದರ ಧರ್ಮಸೂಕ್ಷ್ಮವನ್ನು ಅವಳು ನನಗೆ ವಿವರಿಸಿದ್ದು ಎಷ್ಟೋ ದಿನಗಳ ಮೇಲೆ. "ಮಾತು ಬ್ಯಾರೆ, ಕೂಗು ಬ್ಯಾರೆ ಕಣೇ. ಮಾತು ನಂದು. ಕೂಗು ಸೊಪ್ಪಿಂದು."

ಹಾಗೆ ಕೆಲಸ ಶುರುವಾಯಿತು. ಕೊರಳಿಗೆ ಮರಗಟ್ಟುವ ಮದ್ದು ಚುಚ್ಚಿ, ಗಂಟಿನೊಳಗೆ ಸೂಜಿ ಇಳಿಸಿ, ಡಾಕ್ಟರು ಕಾಲಿನಿಂದ ಪೆಡಲ್ ಒತ್ತಿದರೆ ಬಿಸಿ, ಬಿಟ್ಟರೆ ಬಂದ್. ಬಿಸಿ ಎಂದ ಕೂಡಲೇ ಅವ್ವ ಕೂಗಬೇಕು. ಆಮೇಲೆ ಸುಮ್ಮನಾಗಬೇಕು, ಡಾಕ್ಟರು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಬಣ್ಣ ನೋಡಬೇಕು. ಮೊದಲ ಸಲ ಅವರು ಕೀರೆಗೇ ಪೆಡಲ್ ಬಿಟ್ಟು, "ಸಾಕಮ್ಮಾ, ಸುಮ್ನಿರಿ," ಎಂದರು. ಅವ್ವ ಸುಮ್ಮನಾದಳು. ಆದರೆ ಬಾಕಿ ಉಳಿದ ಮೂರು ಸೊಪ್ಪು ಗಂಟಲಲ್ಲೇ ಕೂತು ಎಂಜಲು ನುಂಗಿಸಿದವು. ಪರದೆಯೆಲ್ಲ ಕೆಂಪು ಹಸಿರು ಚೆಲ್ಲಾಪಿಲ್ಲಿ. ಎರಡನೇ ಸಲ ಪಾಲಕ್ಕಿಗೆ ನಿಲ್ಲಿಸಿದರು. ಮತ್ತೆ ಹಾಗೇ.

"ಸಾರ್, ಮೆಂತ್ಯದವರೆಗೂ ಬಿಟ್ಟುಬಿಡಿ. ಮೆಂತ್ಯ ಆಗದೆ ಅವಳು ಸುಮ್ಮನಾಗಲ್ಲ," ಎಂದೆ.

ಅದೇ ಸರಿಹೋಯಿತು. ಸೊಪ್ಪು ಎಂದಾಗ ಬಿಸಿ, ಮೆಂತ್ಯ ಇಳಿಯುತ್ತಿದ್ದಂತೆ ಬಂದ್. ಮೆಂತ್ಯ ಮುಗಿದರೆ ಅವ್ವ ಕಲ್ಲಿನ ಹಾಗೆ. ಚಿತ್ರ ಎಷ್ಟು ಚೊಕ್ಕವಾಗಿ ಬಂತೆಂದರೆ ಡಾಕ್ಟರು ಮೆಲುದನಿಯಲ್ಲೇ "ಆಹಾ" ಎಂದರು. ಗಂಟಿನ ನಡುವೆ ಕಡಲೆಕಾಳಿನಷ್ಟು ನೀಲಿ ಮೂಡಿತು. ಸೂಜಿ ಸ್ವಲ್ಪ ಸರಿಸಿ ಇನ್ನೊಂದು ಸುತ್ತು ಕೂಗಿಸಿದಾಗ ಅವರೆಕಾಳಿನಷ್ಟಾಯಿತು. ನಾಲ್ಕೈದು ಸುತ್ತಿಗೆ ಡಾಕ್ಟರಿಗೂ ಕ್ರಮ ಬಾಯಿಪಾಠವಾಗಿ, ತುಟಿ ಅಲ್ಲಾಡಿಸುತ್ತ ಜೊತೆಗೂಡಿದರು. ನಾನು ಪುಸ್ತಕದಲ್ಲಿ ಸಮಯ ಬರೆಯುವ ಕಡೆ ಎರಡು ಸಲ "ಸಬ್ಬಸಿಗೆ" ಎಂದು ಬರೆದು ಹೊಡೆದುಹಾಕಿದ್ದು ಈಗಲೂ ಇರಬೇಕು. ನಡುವೆ ಬಾಗಿಲು ತಟ್ಟಿದ ಶಬ್ದ. ಹೊರಗೆ ಕಾಯುತ್ತಿದ್ದ ಯಾರದೋ ಅಜ್ಜಿ ತಲೆ ಹಾಕಿ, "ಕೊತ್ಮೀರಿ ಐತೇನಮ್ಮ?" ಎಂದಳು. ಅವ್ವನ ಕಣ್ಣು ಮಿಂಚಿದ್ದನ್ನು ನೋಡಿ ನಾನು ಅವಳ ಭುಜ ಒತ್ತಿ ಹಿಡಿದೆ.

ಮುಕ್ಕಾಲು ಗಂಟು ನೀಲಿಯಾಯಿತು. ಹಿಂದಿನ ಕೆಳಮೂಲೆಯಲ್ಲಿ ಒಂದು ತುಂಡು ಹಸಿರು ಉಳಿದಿತ್ತು. ಡಾಕ್ಟರು ಅದನ್ನೇ ನೋಡಿದರು. ನಾನೂ ನೋಡಿದೆ. ಅದು ಉಳಿದರೆ ಅಲ್ಲಿಂದ ಮತ್ತೆ ಬೆಳೆಯಬಹುದು. ಅದರ ಬೆನ್ನಿಗೇ ನರ.

"ಅಂಚು ಬಿಟ್ಟು ಇನ್ನೊಂದೇ ಸಲ," ಎಂದರು.

ಪೆಡಲ್. ಅವ್ವ ಕೂಗಿದಳು. ದಂಟು ಸರಿಯಾಗಿತ್ತು, ಕೀರೆ ಸರಿಯಾಗಿತ್ತು. ಪಾಲಕ್, ಸಬ್ಬಸಿಗೆ. ಪರದೆಯಲ್ಲಿ ಎಲ್ಲ ನೆಟ್ಟಗಿತ್ತು. "ಧ್ವನಿ ಚೆನ್ನಾಗಿದೆ," ಎಂದು ಡಾಕ್ಟರು ತಲೆಯಾಡಿಸಿದರು. ಜೋರಿನಲ್ಲಿ ಕಮ್ಮಿಯಿರಲಿಲ್ಲ, ಯಾರು ಕೇಳಿದರೂ ಹಾಗೇ ಹೇಳುತ್ತಿದ್ದರು. ಆದರೆ ಮೆಂತ್ಯ ಮಹಡಿ ಹತ್ತಲಿಲ್ಲ. ಎರಡು ಮೆಟ್ಟಿಲು ಏರಿ ಅಲ್ಲೇ ಜಾರಿತು.

"ನಿಲ್ಸಿ ಸಾರ್! ಮೆಂತ್ಯ ಸರಿಯಿಲ್ಲ!"

ಅವರು ಒಳ್ಳೆಯ ಡಾಕ್ಟರು. ಏಕೆ, ಏನು ಎಂದು ಕೇಳದೆ ಮೊದಲು ಕಾಲು ತೆಗೆದರು, ಆಮೇಲೆ ನನ್ನ ಮುಖ ನೋಡಿದರು. ತಣ್ಣಗಿಟ್ಟಿದ್ದ ಸಕ್ಕರೆನೀರಿನ ಮದ್ದನ್ನು ಸಣ್ಣ ಸೂಜಿಯಲ್ಲಿ ಗಂಟಿನ ಹಿಂದಕ್ಕೆ ಬಿಟ್ಟು ತಂಪು ಮಾಡಿದರು. "ಇನ್ನೊಂದ್ಸಲ ಕೂಗಿ ಅಮ್ಮಾ," ಎಂದರು. ಅವ್ವ ಬಾಯಿ ತೆರೆದಳು. ಬಂದದ್ದು ಒಡೆದ ಕೊಳವೆಯ ಗಾಳಿ.

ಹಸಿರು ತುಂಡನ್ನು ಅಲ್ಲೇ ಬಿಟ್ಟು ಸೂಜಿ ತೆಗೆದೆವು. ಡಾಕ್ಟರು ಹೊರಗೆ ಕರೆದು ಹೇಳಿದರು: ನರ ಬಿಸಿಗೆ ಬೆದರಿದೆ, ಸುಟ್ಟಿರಲಾರದು, ಬೇಗ ನಿಲ್ಲಿಸಿದೆವು, ಬಹಳ ಮಟ್ಟಿಗೆ ತಾನಾಗಿ ಸರಿಹೋಗುತ್ತದೆ, ಕಾಯಬೇಕು. "ನಿಮಗೆ ಹೇಗೆ ಗೊತ್ತಾಯ್ತು? ನನಗೆ ಏನೂ ಕೇಳಿಸಲಿಲ್ಲ," ಎಂದರು. ನಾನು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಮೂರು ವರ್ಷ ಗಣಿತದ ಪೀರಿಯಡ್ಡಿನಲ್ಲಿ ಕಿವಿ ಮುಚ್ಚಿಕೊಂಡು ಕೂತವಳಿಗೆ ಮೆಂತ್ಯ ಎಲ್ಲಿ ಹತ್ತಿ ಎಲ್ಲಿ ಇಳಿಯುತ್ತದೆ ಎಂದು ಬೇರೆ ಯಾರು ಹೇಳಿಕೊಡಬೇಕು.

ಆಮೇಲಿನ ತಿಂಗಳುಗಳು ಚೆನ್ನಾಗಿರಲಿಲ್ಲ. ಅವ್ವನ ಮಾತು ಪಿಸುಮಾತಾಯಿತು. ವಾರಗಳು ಕಳೆದಂತೆ ಸ್ವಲ್ಪ ಗಟ್ಟಿಯಾಯಿತು, ಅಷ್ಟೇ. ಬುಟ್ಟಿ ಹೊತ್ತು ಬೀದಿ ಸುತ್ತುವುದನ್ನು ಬಿಟ್ಟು ಉಪನಗರದ ಒಂದು ಬೇಕರಿಯ ಪಕ್ಕ ಗೋಣಿ ಹಾಸಿಕೊಂಡು ಕೂತಳು. ದಾರಿಯಲ್ಲಿ ಹೋಗುವವರು ಕಂಡರೆ ಕೊಂಡರು. ಬಾಡಿದ ಸೊಪ್ಪನ್ನು ಸಂಜೆ ಮನೆಗೆ ತರುತ್ತಿದ್ದಳು, ನಾವಿಬ್ಬರೂ ದಿನವೂ ಬಸ್ಸಾರು ಉಂಡೆವು. ಮುದ್ದೆ ಸಲೀಸಾಗಿ ಇಳಿಯುತ್ತಿತ್ತು, ಅದೊಂದು ಲಾಭ.

ಮತ್ತೆ ಸ್ಕ್ಯಾನ್ ಮಾಡಿದಾಗ ಗಂಟು ಅರ್ಧಕ್ಕರ್ಧ ಕರಗಿತ್ತು. ಹಸಿರು ಮೂಲೆ ಇದ್ದಷ್ಟೇ ಇತ್ತು. ಡಾಕ್ಟರು ಗಂಟಲೊಳಗೆ ಕೊಳವೆ ಬಿಟ್ಟು ನೋಡಿಸಿ, ನರ ಎಚ್ಚರವಾಗಿದೆ, ಕೂಗಿ ನೋಡಲಿ ಎಂದರು. ಅವ್ವ ಒಲ್ಲೆ ಎಂದಳು.

"ಯಾಕೆ?" ಎಂದು ಮನೆಯಲ್ಲಿ ಕೇಳಿದೆ.

"ಮಾರಮ್ಮಂಗೆ ಮೋಸ ಮಾಡ್ದೆ ಕಣೇ," ಎಂದಳು ಪಿಸುದನಿಯಲ್ಲಿ. "ಮಾತು ಬ್ಯಾರೆ ಕೂಗು ಬ್ಯಾರೆ ಅಂತ ಲಾಯರ್ ಗಿರಿ ಮಾಡ್ದೆ. ಆಯಮ್ಮ ಒಪ್ಪಿಲ್ಲ. ಇಂಗೇ ಕಿತ್ಕೊಂಡವ್ಳೆ."

ನನ್ನ ಲೆಕ್ಕ ಬೇರೆ ಇತ್ತು. ಈ ಚಿಕಿತ್ಸೆಗೆ ಎಳೆದು ತಂದವಳು ನಾನು, ಸಿಟ್ಟಿಗೆ ಕೂಗಿನ ಮಾತು ತೆಗೆದವಳು ನಾನು, "ನಿಲ್ಸಿ" ಎನ್ನಲು ಅರೆಕ್ಷಣ ತಡ ಮಾಡಿದವಳೂ ನಾನೇ. ಹೀಗೆ ಇಬ್ಬರೂ ತಪ್ಪು ನಂದು ನಂದು ಎಂದು ಒಂದೇ ಸೂರಿನ ಕೆಳಗೆ ಹಂಚಿಕೊಂಡು ಕೂತಿದ್ದೆವು. ಕೊನೆಗೆ ಒಂದು ಮಂಗಳವಾರ ಹರಕೆಯನ್ನು ಸರಿಯಾಗಿ ತೀರಿಸುವುದೆಂದು ಅವ್ವ ತೀರ್ಮಾನಿಸಿದಳು. ಬೆಳಗಿನಿಂದ ದೀಪ ಹಚ್ಚುವವರೆಗೆ ಮೌನ, ಈ ಸಲ ಕೂಗೂ ಇಲ್ಲ, ಬಾಕಿ ಇಲ್ಲದ ಹಾಗೆ. ಅಷ್ಟೇ ಆಗಿದ್ದರೆ ನಾನು ಸಂತೋಷವಾಗಿ ಕೆಲಸಕ್ಕೆ ಹೋಗುತ್ತಿದ್ದೆ. ಅವತ್ತೇ ಬೇಕರಿಯವರು ಮುಂದಿನ ಚರಂಡಿ ಅಗೆಸುತ್ತಿದ್ದರು, ಕೂರಲು ಜಾಗವಿಲ್ಲ. ಸೊಪ್ಪು ಹಿಂದಿನ ಸಂಜೆಯೇ ಬಂದಿತ್ತು. ಬೀದಿ ಸುತ್ತಲೇಬೇಕು. ಕೂಗುವವರು ಯಾರು?

ಅವ್ವ ಸುಮ್ಮನೆ ನನ್ನ ಕಡೆ ನೋಡಿದಳು. ನಾನು ರಜಾ ಹಾಕಿದೆ.

ಉಪನಗರದ ಮೊದಲ ಅಡ್ಡರಸ್ತೆ. ಬುಟ್ಟಿ ಹೊತ್ತು ಅವ್ವ ಹಿಂದೆ, ಚೂಡಿದಾರ ಹಾಕಿಕೊಂಡು ನಾನು ಮುಂದೆ. ಬಾಯಿ ತೆರೆದೆ.

"ಸೊಪ್ಪು," ಎಂದೆ.

ಥೇಟ್ ಟೋಕನ್ ನಂಬರ್ ಹದಿನಾಲ್ಕು. ಒಂದು ನಾಯಿ ಎದ್ದು ನಿಂತು ಮತ್ತೆ ಮಲಗಿತು. ಇನ್ನೂ ಗಟ್ಟಿಯಾಗಿ, "ಸೊಪ್ಪು ಇದೆ, ದಂಟು, ಕೀರೆ," ಎಂದೆ. ಮಹಡಿಯ ಹೆಂಗಸೊಬ್ಬರು ಬಗ್ಗಿ ನೋಡಿ, "ಯಾರಮ್ಮ? ಜನಗಣತಿಯವರಾ?" ಎಂದರು. ಎರಡನೇ ರಸ್ತೆಯಲ್ಲಿ ಒಂದೇ ಒಂದು ಕಟ್ಟು ಹೋಯಿತು, ಅದೂ ನನ್ನ ಮುಖ ನೋಡಿ ಕನಿಕರಕ್ಕೆ. ಹಿಂದಿನಿಂದ ಅವ್ವನ ಉಸಿರು ಬಿಸಿಯಾಗಿ ಕೇಳುತ್ತಿತ್ತು. ನನಗೂ ರೋಷ ಬಂತು. ಮೂರನೇ ರಸ್ತೆಯ ಬಾಯಲ್ಲಿ ನಿಂತು, ನಾಚಿಕೆ ಮಾನ ಬಿಟ್ಟು, ಕುತ್ತಿಗೆಯ ನರ ಉಬ್ಬುವ ಹಾಗೆ ಕೂಗಿದೆ.

"ಸೊಪ್ಪೂ... ದಂಟೂ, ಮೆಂತ್ಯಾ, ಪಾಲಾಕೂ..."

ಬೆನ್ನ ಹಿಂದೆ ಬುಟ್ಟಿ ನೆಲಕ್ಕಿಟ್ಟ ಸದ್ದಾಯಿತು. ತಿರುಗಿ ನೋಡಿದೆ. ಅವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಮುಖದಲ್ಲಿ ಅಪಾರ ಸಂಕಟ. ರಾಜಾನುಕುಂಟೆಯ ದಿಕ್ಕು ಈ ಸಲ ಯಾರನ್ನೂ ಕೇಳಲಿಲ್ಲ. ಆ ಕಡೆ ಗಡಿಬಿಡಿಯಲ್ಲಿ ಕೈಮುಗಿದು, ಕಣ್ಣು ಮುಚ್ಚಿದಳು.

"ಸೊಪ್ಪೂ..." ಮೊದಲಿಗೆ ಒರಟಾಗಿ ಹೊರಟಿತು. "ದಂಟೂ," ಒಡೆಯಿತು. "ಕೀರೇ, ಪಾಲಾಕೂ," ಧ್ವನಿ ಕಾಲೂರಿತು. "ಸಬ್ಸಿಗೇ..." ಎಂದು ಒಂದು ಗಳಿಗೆ ನಿಂತಳು. ಆಸ್ಪತ್ರೆಯಲ್ಲಿ ಅದು ಎಡವಿದ್ದ ಮೆಟ್ಟಿಲು ಮುಂದೆಯೇ ಇತ್ತು.

"ಮೆಂತ್ಯಾ...!"

ಹತ್ತಿತು. ಮೊದಲ ಮಹಡಿ ದಾಟಿತು, ಎರಡನೆಯದು ಮುಟ್ಟಿತು, ಅಲ್ಲಿ ಕೂತಿತು. ಚಿಲಕಗಳನ್ನು ತೆಗೆದ ಸದ್ದು ಕೇಳಿತು. "ಏ, ಸೊಪ್ಪಿನಮ್ಮ ಬಂದ್ಲು ಕಣ್ರೇ!" ಎಂದು ಯಾರೋ ಕೂಗಿದರು. ನಾನು ನಡುರಸ್ತೆಯಲ್ಲಿ ನಿಂತು ಗೊಳೋ ಎಂದು ಅತ್ತೆ, ಜನಗಣತಿಯವಳ ಗೌರವ ಪೂರಾ ಹೋಯಿತು. ಅವ್ವ ಅಳಲಿಲ್ಲ. ಅವಳಿಗೆ ವ್ಯಾಪಾರವಿತ್ತು. ಬುಟ್ಟಿ ಬರಿದಾಗುವವರೆಗೆ ಕೂಗಿದಳು, ಮಾತು ಮಾತ್ರ ಒಂದೂ ಆಡಲಿಲ್ಲ. ಬೆಲೆ ಕೇಳಿದವರಿಗೆ ಬೆರಳು ತೋರಿಸಿದಳು.

ಸಂಜೆ ರಾಜಾನುಕುಂಟೆಯಲ್ಲಿ ಇಳಿದು ನೇರ ಮಾರಮ್ಮನ ಗುಡಿಗೆ ಹೋದೆವು. ಅವ್ವ ಮುಡುಪು ಬಿಚ್ಚಿ ಹುಂಡಿಗೆ ಹಾಕಿ, ದೀಪ ಹಚ್ಚಿ, ಬಹಳ ಹೊತ್ತು ಕೈಮುಗಿದು ನಿಂತಳು. ನಾನು ಪಕ್ಕದಲ್ಲಿ ಕಾದೆ. ಇಡೀ ದಿನದ ಮೌನ ಮುಗಿದು ಅವಳು ಮೊದಲು ಆಡುವ ಮಾತು ಯಾವುದಿರಬಹುದು, ನನ್ನನ್ನು ಹರಸುತ್ತಾಳೇನೋ, ಡಾಕ್ಟರಿಗೆ ಒಳ್ಳೆಯದಾಗಲಿ ಎನ್ನುತ್ತಾಳೇನೋ ಎಂದುಕೊಂಡೆ. ಅವ್ವ ಕುಂಕುಮ ಹಚ್ಚಿಕೊಂಡು ನನ್ನ ಕಡೆ ತಿರುಗಿದಳು.

"ಮೆಂತ್ಯ ಕೊನೇಗೆ ಕಣೇ," ಎಂದಳು.